ನಾಲ್ಕನೆಯ ಟೇಕಿನ ಬಾಗಿಲು

ಕಾಲೇಜಿನ ತರಗತಿಗೆಂದು ಅವಳು ಮಾಡಿದ ಹಾಡಿನ ವಿಡಿಯೋಗೆ ಖರ್ಚು ಎಂದು ಹೇಳಿಕೊಳ್ಳುವಂಥದ್ದೇನೂ ಆಗಿರಲಿಲ್ಲ. ಕ್ಯಾಮೆರಾ ಕಾಲೇಜಿನದು. ದೀಪ ಚಿಕ್ಕಮ್ಮನದು, ಹೊಲಿಗೆ ಮಿಷನ್ನಿನ ಮೇಲೆ ಕತ್ತು ಬಗ್ಗಿಸಿ ನಿಲ್ಲುವಂಥದ್ದು. ಬೆಳಕು ಮೆತ್ತಗಾಗಲೆಂದು ಅದರ ಮುಂದೆ ಹಿಡಿದದ್ದು ಹಳೆಯ ದಿಂಬಿನ ಚೀಲ. ಹಾಡು ಮೇಲಿನ ತರಗತಿಯ ಹುಡುಗಿಯದು. ಎಲ್ಲರೂ ಕೋಗಿಲೆ ಎನ್ನುತ್ತಿದ್ದ ಅವಳು ತಾನೇ ಬರೆದು ಹಾಡಿ ರೆಕಾರ್ಡ್ ಮಾಡಿಕೊಟ್ಟಿದ್ದಳು, ಕ್ಯಾಮೆರಾ ಎಂದರೆ ಮಾತ್ರ ಬೆವರುತ್ತಿದ್ದಳು. ಕೋಗಿಲೆಗೆ ಎರಡು ಐಸ್‌ಕ್ರೀಮು. ಹೆಗಲ ಮೇಲಿನ ಹಸಿರು ಶಾಲು ಅಮ್ಮನದು. ಆ ಹಾಡಿಗೆ ತುಟಿ ಆಡಿಸುವ ಮುಖ ಅವಳ ಸ್ವಂತದ್ದು. ವರದಿಯ ಕೊನೆಯಲ್ಲಿ ಒಟ್ಟು ವೆಚ್ಚ ಎಂದು ಒಂದು ಜಾಗವಿತ್ತು, ಅಲ್ಲಿ ಏನು ಬರೆಯುವುದು ಎಂದು ಶುಕ್ರವಾರ ಬೆಳಿಗ್ಗೆ ಎಡಿಟಿಂಗ್ ಕೋಣೆಯಲ್ಲಿ ಕುಳಿತು ಅವಳು ಯೋಚಿಸುತ್ತಿದ್ದಳು. ಯೋಚನೆ ನಿಜಕ್ಕೂ ಅದರದ್ದಲ್ಲ. ಸಂಜೆ ಐದಕ್ಕೆ ವಿಡಿಯೋ ಒಪ್ಪಿಸಬೇಕು. ಆಮೇಲೆ ಲ್ಯಾಬಿನವರು ಬಂದು ಕಂಪ್ಯೂಟರುಗಳನ್ನೂ ಕ್ಯಾಮೆರಾದ ಕಾರ್ಡುಗಳನ್ನೂ ಮುಂದಿನ ತಂಡಕ್ಕೆಂದು ಖಾಲಿ ಮಾಡುತ್ತಾರೆ, ಉಂಡ ತಟ್ಟೆ ತೊಳೆದು ಬೋರಲು ಹಾಕಿದ ಹಾಗೆ. ಅಷ್ಟರೊಳಗೆ ನಾಲ್ಕನೆಯ ಟೇಕನ್ನು ಏನು ಮಾಡುವುದೆಂದು ತೀರ್ಮಾನವಾಗಬೇಕಿತ್ತು. ಅಷ್ಟೂ ಟೇಕುಗಳಲ್ಲಿ ಅವಳ ತುಟಿ ಹಾಡಿನ ಮೇಲೆ ಸರಿಯಾಗಿ ಕೂತದ್ದು ಅದೊಂದರಲ್ಲೇ. ಆ ಟೇಕಿನಲ್ಲಿ ಅವಳ ಬೆನ್ನ ಹಿಂದಿನ ಬಾಗಿಲಲ್ಲಿ ಅಮ್ಮ ಬಂದು ನಿಂತಿದ್ದಳು.

ತುಟಿ ಕೂರುವುದು ಎಂದರೇನೆಂದು ಮೂರು ವಾರದ ಹಿಂದೆ ಅವಳಿಗೂ ಗೊತ್ತಿರಲಿಲ್ಲ. ಯಾರೋ ಹಾಡಿದ್ದಕ್ಕೆ ಬಾಯಿ ಆಡಿಸುವುದು ತಾನೇ, ಅದರಲ್ಲೇನಿದೆ ಎಂದುಕೊಂಡಿದ್ದಳು. ಬೀರುವಿನ ಕನ್ನಡಿಯ ಮುಂದೆ ನಿಂತು ಹಾಡನ್ನು ಮತ್ತೆ ಮತ್ತೆ ಹಾಕಿಕೊಂಡಾಗ ಒಂದೊಂದೇ ಅರ್ಥವಾಯಿತು. ‘ಕೊನೆಯ ಬಸ್ಸು ಹೋಯಿತು, ದೀಪ ಮಾತ್ರ ಉರಿದಿದೆ, ಬೆಂಚಿನಲ್ಲಿ ಕೂತಿರುವೆ, ಹೆಸರು ಹಿಡಿದು ಕೂಗು ನೀ.’ ಪ, ಬ, ಮ ಬಂದ ಕಡೆ ತುಟಿಗೆ ತುಟಿ ಮುಟ್ಟಲೇಬೇಕು. ಅಲ್ಲಿ ಕೂದಲೆಳೆಯಷ್ಟು ತಪ್ಪಿದರೂ ನೋಡುವವನಿಗೆ ಇದು ಸುಳ್ಳು ಎಂದು ಗೊತ್ತಾಗಿಬಿಡುತ್ತದೆ. ಉಳಿದ ಅಕ್ಷರಗಳನ್ನು ಕಣ್ಣು ಕ್ಷಮಿಸುತ್ತದೆ. ಬಸ್ಸಿಗೊಂದು ಮುಚ್ಚು, ದೀಪಕ್ಕೊಂದು, ಮಾತ್ರಕ್ಕೊಂದು, ಬೆಂಚಿಗೊಂದು. ಹಲ್ಲುಜ್ಜುವಾಗಲೂ ಬಸ್ಸು, ದೀಪ, ಮಾತ್ರ ಎಂದುಕೊಂಡೇ ಇದ್ದಳು. ಹಾಲ್‌ನಲ್ಲಿ ಮಿಷನ್ ತುಳಿಯುತ್ತಿದ್ದ ಚಿಕ್ಕಮ್ಮ, “ಅದೇನು ಹಾಡೇ, ಇಡೀ ದಿನ ಒಂದೇ ಬಸ್ಸು ಹೋಗ್ತಾ ಇದೆ! ಅಕ್ಕನ ಡಿಪಾರ್ಟ್‌ಮೆಂಟಿನ ಹಾಡು ಇದು, ಅಲ್ವೇನಕ್ಕಾ?” ಎಂದು ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದ ಅಮ್ಮನ ಕಡೆ ತಿರುಗುತ್ತಿದ್ದಳು. ಅಮ್ಮ “ಅದು” ಎನ್ನುತ್ತಿದ್ದಳು. ಅಮ್ಮನಿಗೆ ಉಳಿದದ್ದು ಆ ಮಾತು ಒಂದೇ. ನೀರು ಬೇಕಾದರೂ ಅದು, ಕಾಲು ನೋಯುತ್ತಿದ್ದರೂ ಅದು, ಫ್ಯಾನು ಜೋರಾಯಿತು ಎನ್ನುವುದಕ್ಕೂ ಅದು. ಅದು ಯಾವುದು ಎಂದು ಮನೆಯವರು ಒಂದೊಂದೇ ಹೆಸರು ಹೇಳುತ್ತಾ ಹೋಗಬೇಕು, ಸರಿಯಾದದ್ದು ಬಂದಾಗ ಅಮ್ಮ ಕಣ್ಣು ಮುಚ್ಚಿ ತೆರೆಯುತ್ತಾಳೆ.

ಮೊದಲ ಸಲ ತೋರಿಸಿದ ತುಣುಕನ್ನು ಕ್ಲಾಸಿನಲ್ಲಿ ನೋಡಿ ಮೇಡಂ, “ಮೀನು ಗಾಜಿನ ತೊಟ್ಟಿ ಒಳಗಿಂದ ಮಾತಾಡಿಸ್ತಾ ಇದ್ಯಲ್ಲಮ್ಮ” ಎಂದಿದ್ದರು. ಎಲ್ಲರೂ ನಕ್ಕರು, ಅವಳೂ ನಕ್ಕಳು, ಎಲ್ಲರಿಗಿಂತ ಒಂದು ಕ್ಷಣ ಹೆಚ್ಚು. ಹೊರಗೆ ಬಂದ ಮೇಲೆ ಕ್ಯಾಮೆರಾ ಹಿಡಿಯುವ ಹುಡುಗ, ಕೋಲು, ಹೇಳಿದ. ಸಣಕಲು ದೇಹ, ಉದ್ದ ಕಾಲು, ಟ್ರೈಪಾಡಿನ ಪಕ್ಕ ನಿಂತರೆ ಯಾವುದು ಯಾವುದೆಂದು ತಿಳಿಯದು ಎಂದು ಅವನಿಗೆ ಆ ಹೆಸರು. “ನೀನು ಸುಮ್ನೆ ಬಾಯಿ ತೆಗೀತೀಯ. ಗಂಟಲೇ ಅಲ್ಲಾಡಲ್ಲ. ಹಾಡಮ್ಮ ಗಟ್ಟಿಯಾಗಿ. ಹೇಗಿದ್ರೂ ನಿನ್ನ ದನಿ ತೆಗೆದು ಬಿಸಾಕ್ತೀವಿ, ಅದ್ಯಾಕೆ ಅಷ್ಟು ಜಿಪುಣತನ?” ಜಿಪುಣತನವಲ್ಲ. ಏಳನೆಯ ಕ್ಲಾಸಿನಲ್ಲಿ ಶಾಲೆಯ ಗುಂಪುಗಾಯನಕ್ಕೆ ಸಾಲಾಗಿ ನಿಲ್ಲಿಸಿದ್ದ ಟೀಚರು ಅವಳ ಮುಂದೆ ಬಂದು ಬಗ್ಗಿ ಕಿವಿಯಿಟ್ಟು ಕೇಳಿ, ಕೆನ್ನೆ ತಟ್ಟಿ, “ನೀನು ಬಾಯಿ ಮಾತ್ರ ಆಡಿಸು ಪುಟ್ಟಾ, ಚೆನ್ನಾಗಿ ಕಾಣ್ತೀಯ” ಎಂದಿದ್ದರು. ಪ್ರೀತಿಯಿಂದಲೇ ಹೇಳಿದ್ದರು. ಅದಕ್ಕೇ ಆ ಮಾತು ಮನಸ್ಸಿನಿಂದ ಹೋಗಲಿಲ್ಲ.

ಆವತ್ತು ಮನೆಗೆ ಬಂದು ಅಮ್ಮನಿಗೆ ಹೇಳಿದಳು. ಮುಂದಿನ ರಜೆಯಲ್ಲಿ ಅಮ್ಮ ಅವಳನ್ನು ಕೆಲಸಕ್ಕೆ ಕರೆದುಕೊಂಡು ಹೋದಳು. ಬಸ್ ನಿಲ್ದಾಣದ ಮೂಲೆಯಲ್ಲಿ ಗಾಜಿನ ಕಿಟಕಿಯ ಒಂದು ಗೂಡು. ಒಳಗೆ ಮೈಕು, ನೀರಿನ ಬಾಟಲಿ, ವೇಳಾಪಟ್ಟಿಯ ಮೇಲೆ ತಿದ್ದಿ ತಿದ್ದಿ ಅಂಟಿಸಿದ ಚೀಟಿಗಳು. ಅಮ್ಮನ ದನಿ ಊರಿಗೆಲ್ಲ ಗೊತ್ತು, ಮುಖ ಯಾರಿಗೂ ಗೊತ್ತಿಲ್ಲ. ತರಕಾರಿ ಕೊಳ್ಳುವಾಗ ಅಮ್ಮ ಬೆಲೆ ಕೇಳಿದರೆ ಅಂಗಡಿಯವನು ತಲೆಯೆತ್ತಿ ಯಾವ ಪ್ಲಾಟ್‌ಫಾರ್ಮು ಎಂದು ಕೇಳುವವನ ಹಾಗೆ ನೋಡುತ್ತಿದ್ದ. ಅವತ್ತು ಅಮ್ಮ ಅವಳನ್ನು ಮೈಕಿನ ಮುಂದೆ ಕೂರಿಸಿ, ಗುಂಡಿ ಒತ್ತಿ, ಹೊರಡುವ ಬಸ್ಸಿನ ಹೆಸರು ಬರೆದದ್ದನ್ನು ಬೆರಳಿಟ್ಟು ತೋರಿಸಿ, ಹೇಳು ಎಂದಳು. ಅವಳು ಹೇಳಿದಳು. ಗಾಜಿನ ಆಚೆ ಒಬ್ಬ ಮುದುಕ ಚೀಲ ಎತ್ತಿಕೊಂಡು ಎದ್ದು ನಿಂತ. ಅವಳ ಮಾತು ಕೇಳಿ ಒಬ್ಬ ಮನುಷ್ಯ ಎದ್ದು ನಿಂತ! “ದನಿ ಚೆನ್ನಾಗಿರ್ಬೇಕು ಅಂತ ಯಾರೂ ಕಾಯ್ತಾ ಕೂತಿರಲ್ಲ. ಕೇಳಿಸ್ಬೇಕು ಅಷ್ಟೆ,” ಎಂದಿದ್ದಳು ಅಮ್ಮ. ಆಮೇಲೆ ಆ ಗೂಡಿಗೆ ಯಂತ್ರ ಬಂತು, ಎಲ್ಲಿಯದೋ ಹೆಂಗಸಿನ ದನಿ ಅದರೊಳಗೆ. ಅಮ್ಮನನ್ನು ಟಿಕೆಟಿನ ಲೆಕ್ಕಕ್ಕೆ ಹಾಕಿದರು. ಅಲ್ಲಿಂದ ಎರಡು ವರ್ಷಕ್ಕೆ ಲಕ್ವ ಹೊಡೆಯಿತು. ಆಸ್ಪತ್ರೆಯಿಂದ ಬಂದ ವಾರ ಅವಳು ಫೋನಿನಲ್ಲಿ ಅಮ್ಮನ ದನಿಗಾಗಿ ಹುಡುಕಿದಳು. ಹಗಲೆಲ್ಲ ಮೈಕಿನ ಮುಂದೆ ಕೂತವಳಿಗೆ ಫೋನಿನಲ್ಲಿ ಮಾತೆಂದರೆ ಆಗದು, ಎಲ್ಲವೂ ಬರೆದ ಸಂದೇಶಗಳೇ: ‘ಹಾಲು ತಾ’, ‘ಛತ್ರಿ ಮರೆತೆ’, ‘ಸರಿ’. ಇಪ್ಪತ್ತೊಂದು ವರ್ಷ ಊರಿಗೆಲ್ಲ ಕೇಳಿಸಿದ ದನಿ ಮನೆಯಲ್ಲಿ ಎಲ್ಲೂ ಇರಲಿಲ್ಲ.

ಕಂಪ್ಯೂಟರಿನಲ್ಲಿ ಅವಳು ಮೊದಲ ಟೇಕನ್ನು ತೆರೆದಳು. ಕೆಲಸದ ಕ್ರಮ ಇಷ್ಟೇ: ಕ್ಯಾಮೆರಾ ತನ್ನ ಪಾಡಿಗೆ ತಾನು ಕೋಣೆಯ ಸದ್ದನ್ನೆಲ್ಲ ಹಿಡಿದುಕೊಂಡಿರುತ್ತದೆ. ಸ್ಪೀಕರಿನಿಂದ ಬಂದ ಹಾಡು, ಅವಳ ದನಿ, ಬೀದಿಯ ಹಾರ್ನು, ಕೋಲು ಮೂಗು ಎಳೆದದ್ದು. ಆ ಸದ್ದು ಪರದೆಯ ಮೇಲೆ ಏರಿಳಿಯುವ ಗೆರೆಯಾಗಿ ಕಾಣುತ್ತದೆ. ಅದರ ಕೆಳಗೆ ಕೋಗಿಲೆಯ ಹಾಡಿನ ಗೆರೆಯನ್ನಿಟ್ಟು, ಎರಡರ ಏರುಗಳೂ ಒಂದರ ಕೆಳಗೊಂದು ಬರುವ ತನಕ ಸರಿಸಬೇಕು. ಕೂತಿತು ಎಂದರೆ ಕ್ಯಾಮೆರಾದ ಸದ್ದನ್ನು ಮುಚ್ಚಿಬಿಡುವುದು. ಅದರ ಕೆಲಸ ಅಲ್ಲಿಗೆ ಮುಗಿಯಿತು. ಬೇರೆಯವರು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಎರಡನ್ನೂ ಕೇಳಿ ಕೂರಿಸುತ್ತಿದ್ದರು. ಅವಳು ಕಣ್ಣಳತೆಯಲ್ಲೇ ಕೂರಿಸುತ್ತಿದ್ದಳು. ಫೈಲು ತೆರೆದ ಕೂಡಲೇ ಮೊದಲು ಮಾಡುವ ಕೆಲಸ ಸದ್ದು ಮುಚ್ಚುವುದು. ಕೋಲು ಹೇಳಿದನೆಂದು ನಾಲ್ಕನೆಯ ಟೇಕಿನಲ್ಲಿ ಅವಳು ಕೊನೆಗೂ ಗಟ್ಟಿಯಾಗಿ ಹಾಡಿದ್ದಳಲ್ಲ, ಆ ಬಿರುಕು ದನಿಯನ್ನು ತಾನು ಕೇಳಿಸಿಕೊಳ್ಳುವುದಿರಲಿ, ಪಕ್ಕದ ಕಂಪ್ಯೂಟರಿನವರ ಕಿವಿಗೆ ಹೆಡ್‌ಫೋನಿನಿಂದ ಸೋರಿ ಬಿದ್ದೀತು ಎಂಬುದೇ ಅವಳಿಗೆ ಭಯ.

ಮನೆಯಲ್ಲಿ ಶೂಟಿಂಗು ಎಂದು ಗೊತ್ತಾದಾಗಿನಿಂದ ಚಿಕ್ಕಮ್ಮನಿಗೆ ಸಂಭ್ರಮ. ಆ ದಿನ ಬೆಳಿಗ್ಗೆಯೇ ಅಮ್ಮನ ತಲೆ ಬಾಚಿ, ಬಟನ್ನುಗಳಿರುವ ಬೂದುಬಣ್ಣದ ಒಳ್ಳೆಯ ಅಂಗಿ ತೊಡಿಸಿ, ಸೊಟ್ಟಗಾದ ಬಾಯಿಯ ಮೂಲೆಯನ್ನು ಕರವಸ್ತ್ರದಿಂದ ಒರೆಸಿ ಹಾಲ್‌ನ ಕುರ್ಚಿಯಲ್ಲಿ ಕೂರಿಸಿದ್ದಳು. ಮಿಷನ್ನಿಗೆ ಬಟ್ಟೆ ಹೊದಿಸಿ, “ಇವತ್ತು ಅಂಗಡಿ ಬಂದ್. ನಮ್ಮನೇಲಿ ಹೀರೋಯಿನ್ ಇದ್ದಾಳೆ,” ಎಂದಳು. ಕೋಲು ಒಳಗೆ ಬಂದವನೇ ಬಾಗಿಲ ಚೌಕಟ್ಟಿಗೆ ಹಣೆ ಹೊಡೆಸಿಕೊಂಡ. ಅಮ್ಮ ಅದನ್ನು ನೋಡಿ, “ಅದು! ಅದು!” ಎಂದಳು. “ನೋಡಪ್ಪಾ, ಲೇಟಾಗಿ ಹೇಳ್ತಾಳೆ ನಮ್ಮಕ್ಕ. ಮುಂಚೆ ಆಗಿದ್ರೆ ನೀನು ಬೀದಿ ತಿರುಗೋ ಮೊದಲೇ ಅನೌನ್ಸ್ ಮಾಡಿರೋಳು,” ಎಂದಳು ಚಿಕ್ಕಮ್ಮ. ಎಲ್ಲರೂ ನಕ್ಕರು. ಅಮ್ಮನೂ ನಕ್ಕಳು, ಅರ್ಧ ಮುಖದಲ್ಲಿ.

ಆ ಅರ್ಧ ಮುಖವನ್ನು ಕೋಲು ನೋಡುತ್ತಿರುವುದನ್ನು ಅವಳು ನೋಡಿದಳು. ಅವನು ಸುಮ್ಮನೆ ನೋಡುತ್ತಿದ್ದ, ಕ್ಯಾಮೆರಾದವರು ಎಲ್ಲವನ್ನೂ ನೋಡುವ ಹಾಗೆ. ಆದರೂ ಅವಳಿಗೆ ಕಿವಿ ಬಿಸಿಯಾಯಿತು.

“ಚಿಕ್ಕಮ್ಮ, ಅಮ್ಮನ್ನ ಒಳಗೆ ಕೂರಿಸು.”

“ಯಾಕೇ? ಒಂದು ಮೂಲೇಲಿ ಇರ್ತಾಳೆ ಬಿಡು, ನೋಡ್ಲಿ.”

“ಇರ್ಲಿ ಬಿಡು,” ಎಂದ ಕೋಲು. “ಹಿಂದೆ ಆ ಕಿಟಕಿ ಹತ್ರ ಕೂತಿದ್ರೆ ಫ್ರೇಮ್ ತುಂಬ್ಕೊಳುತ್ತೆ.”

“ಬೇಡ. ಅಮ್ಮಂಗೆ ಲೈಟ್ ಆಗಲ್ಲ, ಕಣ್ಣಿಗೆ ಚುಚ್ಚುತ್ತೆ.”

ಅಂಥದ್ದೇನೂ ಇರಲಿಲ್ಲ. ಚಿಕ್ಕಮ್ಮ ಅವಳ ಮುಖವನ್ನೊಮ್ಮೆ ನೋಡಿ ಅಮ್ಮನ ಕಂಕುಳಿಗೆ ಕೈಕೊಟ್ಟು ಎಬ್ಬಿಸಿದಳು. ಒಳಕೋಣೆಯ ಮಂಚದ ಅಂಚಿನಲ್ಲಿ ಅಮ್ಮ ಕುಳಿತಳು. ಚಿಕ್ಕಮ್ಮ ಪಕ್ಕದಲ್ಲೇ ಕುಳಿತು ಗುಂಡಿ ಹಾಕುವ ಕೆಲಸ ಕೈಗೆತ್ತಿಕೊಂಡಳು. ಬಾಗಿಲು ಪೂರ್ತಿ ಮುಚ್ಚಲಿಲ್ಲ, ಏಕೆಂದರೆ ಅದು ಮುಚ್ಚಿದರೆ ಆ ಕೋಣೆಯಲ್ಲಿ ಉಸಿರುಕಟ್ಟುತ್ತದೆ.

ಮೂರು ಟೇಕು ಹಾಳಾದವು. ಸ್ಪೀಕರಿನಲ್ಲಿ ಹಾಡು ಗೋಡೆ ನಡುಗುವಷ್ಟು ಜೋರಾಗಿ. ಅವಳು ಮೀನಿನ ಹಾಗೆ. ನಾಲ್ಕನೆಯದಕ್ಕೆ ಮುಂಚೆ ಕೋಲು ಕ್ಯಾಮೆರಾದ ಹಿಂದಿನಿಂದ ಬಂದು, “ತಾಯಿ, ನಿನ್ನ ಕಾಲಿಗೆ ಬೀಳ್ತೀನಿ, ಹಾಡು. ಈ ಗಲಾಟೇಲಿ ನಿನ್ನ ದನಿ ನಿನಗೇ ಕೇಳಿಸಲ್ಲ,” ಎಂದ. ಅವಳು ಹಾಡಿದಳು. ಕಣ್ಣು ಎದುರಿನ ಗೋಡೆಯ ಮೇಲೆ ನೆಟ್ಟು, ಕುತ್ತಿಗೆಯ ನರ ಉಬ್ಬಿಸಿಕೊಂಡು, ಬಸ್ಸಿಗೊಂದು, ದೀಪಕ್ಕೊಂದು ಎಂಬ ಲೆಕ್ಕವೆಲ್ಲ ಮರೆತು ಹಾಡಿದಳು. ಎಷ್ಟೋ ವರ್ಷದ ಮೇಲೆ ಆ ಮನೆಯಲ್ಲಿ ಅವಳು ಗಟ್ಟಿಯಾಗಿ ಬಾಯಿ ಬಿಟ್ಟದ್ದು ಅದೇ. ಹಾಡು ನಿಂತಿತು. ಸ್ಪೀಕರಿನ ಸದ್ದಿಗೆ ಅವಳ ಕಿವಿ ಇನ್ನೂ ಗುಂಯ್ ಎನ್ನುತ್ತಿರುವಾಗಲೇ “ಓಕೆ!” ಎಂದು ಕೋಲು ಕೂಗಿ ಚಪ್ಪಾಳೆ ತಟ್ಟಿದ. ತಿರುಗಿ ನೋಡಿದರೆ ಬಾಗಿಲಲ್ಲಿ ಚಿಕ್ಕಮ್ಮ ಅಮ್ಮನ ತೋಳು ಹಿಡಿದು ಒಳಗೆ ಕರೆದುಕೊಂಡು ಹೋಗುತ್ತಿದ್ದಳು. ಅಷ್ಟೇ ಕಂಡದ್ದು. ಅವಳಿಗೆ ಸಿಟ್ಟೇ ಬಂತು. ಒಂದು ಅರ್ಧ ಗಂಟೆ ಒಂದು ಕಡೆ ಕೂತಿರಬಾರದೇ ಎಂದು ಮನಸ್ಸಿನಲ್ಲಿ ಅಂದುಕೊಂಡಳು. ಹಾಗೆ ಅಂದುಕೊಂಡದ್ದನ್ನು ಯಾರಾದರೂ ಕೇಳಿಸಿಕೊಂಡರೇನೋ ಎಂಬಂತೆ ನೀರು ಕುಡಿಯಲು ಅಡುಗೆಮನೆಗೆ ಹೋದಳು.

ಈಗ ಪರದೆಯ ಮೇಲೆ ಅಮ್ಮ ಇದ್ದಳು. ಮುಂದೆ ಅವಳು, ಬೆಳಕಿನಲ್ಲಿ, ಹಸಿರು ಶಾಲು. ಹಿಂದೆ ಬಾಗಿಲ ಚೌಕಟ್ಟಿನಲ್ಲಿ ಅಮ್ಮ ಕಂಬಕ್ಕೆ ಭುಜ ಒರಗಿಸಿ, ಸರಿಯಿದ್ದ ಕೈಯಿಂದ ಇನ್ನೊಂದು ಕೈಯನ್ನು ಹಿಡಿದುಕೊಂಡು. ಬಾಯಿ ಅಲ್ಲಾಡುತ್ತಿತ್ತು. ಒಂದು ಮೂಲೆ ಕೆಳಗೆ ಜೋತು, ಇನ್ನೊಂದು ಮೂಲೆ ಎಳೆದೆಳೆದು. ಆಸ್ಪತ್ರೆಯಲ್ಲಿಯೂ ಹೀಗೇ ಅಲ್ಲಾಡುತ್ತಿತ್ತು, ಇದು ತಾನಾಗಿ ಆಗುವ ಅದುರು, ಗಾಬರಿ ಬೇಡ ಎಂದು ನರ್ಸು ಹೇಳಿದ್ದಳು. ಅವಳು ಒಂದೊಂದೇ ಫ್ರೇಮ್ ಸರಿಸಿ ತನ್ನ ತುಟಿಯನ್ನು ನೋಡುತ್ತಿದ್ದಳು. ಬಸ್ಸಿನ ಬಕಾರಕ್ಕೆ ಮುಚ್ಚಿತು. ದೀಪಕ್ಕೆ ಮುಚ್ಚಿತು. ಎಷ್ಟು ಚೆನ್ನಾಗಿ ಕೂತಿದೆ! ಕಣ್ಣು ಬೇಡವೆಂದರೂ ಹಿಂದಕ್ಕೆ ಹೋಗುತ್ತಿತ್ತು, ಹಿಂದಿದ್ದ ಬಾಯಿಯೂ ಆಗಾಗ ಮುಚ್ಚುತ್ತಿತ್ತು, ತೆರೆಯುತ್ತಿತ್ತು. ಕೂಡಲೇ ಅವಳು ಕಣ್ಣನ್ನು ತನ್ನ ಮುಖಕ್ಕೆ ವಾಪಸು ತರುತ್ತಿದ್ದಳು. ಹಾಡು ಮುಗಿದ ಮೇಲೆ, ಕೋಲು ಓಕೆ ಎಂದು ಕೂಗಿದ ದೊಡ್ಡ ಏರಿಗೆ ಮೊದಲು, ಕ್ಯಾಮೆರಾದ ಸದ್ದಿನ ಗೆರೆಯಲ್ಲಿ ಒಂದು ಸಣ್ಣ ಉಬ್ಬು ಇತ್ತು. ಹಾಡಿನ ಗೆರೆ ಅಲ್ಲಿ ನೇರವಾಗಿ ಮಲಗಿತ್ತು. ಕುರ್ಚಿ ಎಳೆದದ್ದಿರಬೇಕು ಎಂದುಕೊಂಡು ಅಲ್ಲಿಗೆ ಕತ್ತರಿಸಿದಳು.

“ಹಿಂದೆ ಯಾರಮ್ಮಾ ಅದು?”

ಮೇಡಂ ಯಾವಾಗ ಬಂದು ಹಿಂದೆ ನಿಂತರೋ ಗೊತ್ತಿಲ್ಲ. ಕೈಯಲ್ಲಿ ಕಾಫಿ ಲೋಟ. ಪಕ್ಕದ ಕಂಪ್ಯೂಟರಿನ ಇಬ್ಬರೂ ಇತ್ತ ತಿರುಗಿದರು.

“ಪಕ್ಕದ ಮನೆಯವರು ಮೇಡಂ. ನೋಡೋಕೆ ಬಂದಿದ್ರು.”

ಬಾಯಿ ಅಷ್ಟು ಸಲೀಸಾಗಿ ಆಡಿತು. ತುಟಿ, ಗಂಟಲು, ದನಿ, ಎಲ್ಲ ಒಂದರ ಮೇಲೊಂದು ಸರಿಯಾಗಿ ಕೂತಿದ್ದವು.

“ಪಾಪ. ಹುಷಾರಿಲ್ಲ ಅನ್ಸುತ್ತೆ. ನೋಡು, ಕಣ್ಣು ಅಲ್ಲಿಗೇ ಹೋಗುತ್ತೆ. ನಿನ್ನ ಮುಖ ಯಾರು ನೋಡ್ತಾರೆ? ಟೇಕ್ ಚೆನ್ನಾಗಿದೆ, ಸ್ವಲ್ಪ ದೊಡ್ಡದು ಮಾಡಿ ಪಕ್ಕಕ್ಕೆ ಸರಿಸು, ಹೋಗ್ಬಿಡ್ತಾರೆ.” ಮೇಡಂ ಅವಳ ಭುಜ ತಟ್ಟಿದರು. “ಈಗ ಮೀನು ಅಲ್ಲ ನೀನು. ಹಾಡ್ತಾ ಇದ್ದೀಯ.”

ಮೇಡಂ ಹೋದ ಮೇಲೆ ಆಚೆ ಬದಿಯಲ್ಲಿ ಕೂತಿದ್ದ ಕೋಲು ತನ್ನ ಕುರ್ಚಿಯನ್ನು ಹತ್ತಿರ ಎಳೆದುಕೊಂಡ. ಅವನ ಮುಖ ಕೆಂಪಾಗಿತ್ತು. “ಪಕ್ಕದ ಮನೆಯವರಾ?” ಎಂದ ಮೆಲ್ಲಗೆ.

“ಸುಮ್ನಿರು.”

“ನಾನೇನೂ ಅನ್ನಲ್ಲ. ಇದ್ರೆ ಚೆನ್ನಾಗಿತ್ತು ಅಂದೆ ಅಷ್ಟೆ. ಶಾಟ್‌ಗೆ.”

“ಎಲ್ರೂ ಸ್ಕ್ರೀನ್ ಮೇಲೆ ನೋಡಿ ಪಾಪ ಅನ್ಬೇಕಾ? ಆಸ್ಪತ್ರೆಯಿಂದ ಬಂದ ದಿನದಿಂದ ಬೀದಿಯವರೆಲ್ಲ ಅದೇ ಅಂದಿದ್ದಾರೆ. ಸಾಕು.”

ಅದು ನಿಜವೂ ಆಗಿತ್ತು. ಅಮ್ಮನನ್ನು ಕಾಪಾಡುತ್ತಿದ್ದೇನೆ ಎಂದು ಅವಳು ತನಗೆ ಹೇಳಿಕೊಂಡಳು. ಹೇಳಿಕೊಂಡಷ್ಟೂ ಅದು ಕಾಪಾಡುವ ಮಾತಿನ ಹಾಗೆ ಕೇಳಿಸಲಿಲ್ಲ. ಚಿತ್ರವನ್ನು ಸ್ವಲ್ಪ ಸ್ವಲ್ಪವಾಗಿ ಹಿಗ್ಗಿಸಿದಳು. ಮೊದಲು ಅಮ್ಮನ ಭುಜ ಹೋಯಿತು. ಆಮೇಲೆ ಕೈ ಹಿಡಿದಿದ್ದ ಕೈ. ಬಾಯಿ ಅಂಚಿನಲ್ಲಿ ಸಿಕ್ಕಿಕೊಂಡಿತು, ಅರ್ಧ ಒಳಗೆ ಅರ್ಧ ಹೊರಗೆ; ಇನ್ನೊಂದು ಚೂರು ಸರಿಸಿದಳು. ಬಾಗಿಲ ಚೌಕಟ್ಟಿನ ಒಂದು ಮರದ ಪಟ್ಟಿ ಮಾತ್ರ ಉಳಿಯಿತು. ಮಧ್ಯಾಹ್ನದ ಊಟಕ್ಕೆ ಏಳಲಿಲ್ಲ. ನಾಲ್ಕೂವರೆಗೆ ವಿಡಿಯೋ ಒಪ್ಪಿಸಿ, ಒಟ್ಟು ವೆಚ್ಚದ ಜಾಗದಲ್ಲಿ ಎರಡು ಐಸ್‌ಕ್ರೀಮಿನ ಬೆಲೆ ಬರೆದು, ಒಂದು ಪ್ರತಿಯನ್ನು ಫೋನಿಗೆ ಹಾಕಿಕೊಂಡು, ಕಾರ್ಡನ್ನು ಲ್ಯಾಬಿನವನಿಗೆ ಕೊಟ್ಟಳು. ಅವನು ಅವಳ ಎದುರಿಗೇ ಅದನ್ನು ಯಂತ್ರಕ್ಕೆ ಹಾಕಿ, “ಎಲ್ಲಾ ತಗೊಂಡ್ಯಾ? ಆಮೇಲೆ ಬಂದು ಅಳ್ಬೇಡ,” ಎಂದು ಎಲ್ಲರಿಗೂ ಹೇಳುವುದನ್ನು ಹೇಳಿದ. “ತಗೊಂಡೆ,” ಎಂದಳು. ಅವನು ಒತ್ತಿದ.

ಮನೆಗೆ ಹೋಗುವ ಬಸ್ಸಿನಲ್ಲಿ ನಿಂತುಕೊಂಡೇ ಮೂರು ಸಲ ನೋಡಿದಳು. ಚೆನ್ನಾಗಿತ್ತು. ನಿಜಕ್ಕೂ ಅವಳೇ ಹಾಡಿದ ಹಾಗಿತ್ತು. ಯಾರಾದರೂ ಪಕ್ಕದಲ್ಲಿ ನಿಂತವರು ಇಣುಕಿ ನೋಡಲಿ ಎಂದು ಫೋನನ್ನು ಸ್ವಲ್ಪ ಓರೆ ಹಿಡಿದಳು.

“ಬಾ ಬಾ, ಬಂದ್ಲು ನೋಡಕ್ಕಾ,” ಎಂದು ಚಿಕ್ಕಮ್ಮ ಮಿಷನ್ ನಿಲ್ಲಿಸಿದಳು. “ಬೆಳಿಗ್ಗೆಯಿಂದ ಕೇಳ್ತಾ ಇದ್ದಾಳೆ. ಅದು ಅಂದ್ಲು, ನಾನು ನೀರಾ, ಬೆನ್ನಾ, ಕಿಟಕೀನಾ ಅಂತ ಎಲ್ಲಾ ಕೇಳಿ, ಕೊನೆಗೆ ವಿಡಿಯೋನಾ ಅಂದೆ, ಕಣ್ಣು ಮುಚ್ಚಿದ್ಲು.” ಅಮ್ಮನ ಮೈಮೇಲೆ ಅದೇ ಬೂದುಬಣ್ಣದ ಅಂಗಿ. ಶೂಟಿಂಗಿನ ದಿನ ತೊಟ್ಟದ್ದನ್ನು ಇವತ್ತೂ ತೊಡಿಸಿಕೊಂಡಿದ್ದಳು. ಅವಳು ಕುರ್ಚಿಯ ಪಕ್ಕ ಮಂಡಿಯೂರಿ ಕುಳಿತು ಫೋನನ್ನು ಅಮ್ಮನ ಸರಿಯಿದ್ದ ಕೈಗೆ ಕೊಟ್ಟಳು. ಹಾಡು ಶುರುವಾಯಿತು. ಬೆಂಚು, ಬೀದಿದೀಪ, ಕಾಲೇಜಿನ ಖಾಲಿ ಮೆಟ್ಟಿಲು. ಅಮ್ಮ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಹಾಲ್‌ನ ದೃಶ್ಯ ಬಂದಾಗ ಫೋನನ್ನು ಮುಖದ ಹತ್ತಿರಕ್ಕೆ ತಂದಳು. ಹೆಬ್ಬೆರಳು ಪರದೆಯ ಎಡ ಅಂಚಿಗೆ, ಆ ಮರದ ಪಟ್ಟಿ ಇದ್ದ ಕಡೆ ಹೋಯಿತು. ಪರದೆ ಮುಟ್ಟಿದ್ದಕ್ಕೆ ಹಾಡು ನಿಂತಿತು. ಅವಳು ಮತ್ತೆ ಶುರುಮಾಡಿಕೊಟ್ಟಳು. ಹೆಬ್ಬೆರಳು ಮತ್ತೆ ಅಲ್ಲಿಗೇ ಹೋಯಿತು.

“ಅದು,” ಎಂದಳು ಅಮ್ಮ.

ಯಾವುದು ಎಂದು ಅವಳು ಕೇಳಲಿಲ್ಲ. ಒಂದೊಂದೇ ಹೆಸರು ಹೇಳಿ ಕಣ್ಣು ಮುಚ್ಚುವುದನ್ನು ಕಾಯಬೇಕಾದ ಆಟ, ಅವಳು ಆಡಲಿಲ್ಲ. ವಿಡಿಯೋ ಮುಗಿಯಿತು. ಅಮ್ಮ ಫೋನನ್ನು ಅವಳ ಕೈಗೆ ವಾಪಸು ಕೊಟ್ಟಳು, ತನ್ನದಲ್ಲದ ಸಾಮಾನನ್ನು ಕೊಡುವ ಹಾಗೆ ನೀಟಾಗಿ. ಆಮೇಲೆ ಕಾಲರಿನ ಮೇಲಿನ ಬಟನ್ನನ್ನು ಒಂದೇ ಕೈಯಲ್ಲಿ ಬಿಚ್ಚತೊಡಗಿದಳು.

“ಇದೇನೇ, ಅಕ್ಕನ್ನೇ ತೆಗೆದು ಹಾಕಿದ್ದೀಯಲ್ಲ!” ಎಂದಳು ಚಿಕ್ಕಮ್ಮ. “ಅಷ್ಟು ಚೆನ್ನಾಗಿ ಹಾಡಿದ್ಲು.”

“ಯಾರು?”

“ಯಾರು ಅಂದ್ರೆ? ನಿಮ್ಮಮ್ಮ. ನೀನು ಗಟ್ಟಿಯಾಗಿ ಶುರು ಮಾಡಿದ್ಯಲ್ಲ, ಕೇಳಿದ್ದೇ ತಡ ಎದ್ಲು. ಬೀಳ್ತಾಳೇನೋ ಅಂತ ನಾನು ಹಿಂದೆ ಓಡಿದ್ರೆ, ಬಾಗಿಲಿಗೆ ಹೋಗಿ ಒರಗಿ ನಿಂತು ನಿನ್ನ ಜೊತೆ ಹಾಡ್ತಾ ಇದ್ದಾಳೆ. ಮಾತೇ! ಬಸ್ಸು ಅಂತ, ದೀಪ ಅಂತ. ನನ್ನ ಕೈಲಿದ್ದ ಸೂಜಿ ಬಿದ್ದೋಯ್ತು. ನೀವು ಹಾಡು ನಿಲ್ಲಿಸಿದ ಮೇಲೂ ಒಂದು ಚೂರು ಹಾಡಿದ್ಲು, ಆ ಕೋಲು ಹುಡುಗ ಕಿರುಚ್ಕೊಂಡ, ಹೆದರಿ ನಿಲ್ಲಿಸಿಬಿಟ್ಲು. ನೀನು ಕೇಳಿಸ್ಕೊಂಡಿಲ್ವಾ? ಕ್ಯಾಮೆರಾದಲ್ಲಿ ಎಲ್ಲಾ ಬಂದಿರುತ್ತೆ, ನೀನೇ ನೋಡಿ ಹೇಳ್ತೀಯ, ಖುಷಿ ಪಡ್ತೀಯ ಅಂತ ನಾನು ಬಾಯಿ ಮುಚ್ಕೊಂಡು ಕೂತಿದ್ದೆ.”

ಅವಳು ಮಂಡಿಯೂರಿ ಕೂತಲ್ಲೇ ಇದ್ದಳು. ಮೂರು ವಾರ ಅವಳು ತುಟಿಗಳನ್ನೇ ನೋಡಿದ್ದಳು. ಬಸ್ಸಿಗೆ ಮುಚ್ಚುವ ತುಟಿ, ದೀಪಕ್ಕೆ ಮುಚ್ಚುವ ತುಟಿ, ಸುಳ್ಳು ಎಲ್ಲಿ ಸಿಕ್ಕಿಬೀಳುತ್ತದೆ ನಿಜ ಎಲ್ಲಿ ಕೂರುತ್ತದೆ ಎಂಬುದನ್ನೇ. ಬೆಳಿಗ್ಗೆ ಪರದೆಯಲ್ಲಿ, ಬಾಗಿಲಲ್ಲಿ ನಿಂತ ಅಮ್ಮನ ಬಾಯಿಯೂ ಬಸ್ಸಿಗೆ ಮುಚ್ಚಿತ್ತು, ದೀಪಕ್ಕೆ ಮುಚ್ಚಿತ್ತು. ಕಣ್ಣಿಗೆ ಬಿದ್ದಿತ್ತು. ಅದನ್ನು ಅದುರು ಎಂದುಕೊಂಡಿದ್ದಳು. ಹಾಡಿನ ಕೊನೆಯ ಆ ಸಣ್ಣ ಉಬ್ಬು, ಹಾಡಿನ ಸದ್ದಿಲ್ಲದೆ, ಯಾರ ಗಲಾಟೆಯೂ ಇಲ್ಲದೆ, ಅಮ್ಮನ ದನಿ ಒಂದೇ ಇದ್ದ ಜಾಗ. ಅದನ್ನು ಅವಳು ಗೆರೆಯಾಗಿ ನೋಡಿ ಕುರ್ಚಿ ಎಂದುಕೊಂಡು ಕತ್ತರಿಸಿದ್ದಳು. ಒಂದು ಸಲ, ಒಂದೇ ಒಂದು ಸಲ ಕಿವಿಗೆ ಹಾಕಿಕೊಂಡಿದ್ದರೆ ತನ್ನ ಬಿರುಕು ದನಿಯ ಆಚೆ ಅದು ಕೇಳಿಸುತ್ತಿತ್ತು.

“ಅಮ್ಮಾ, ಹಾಡು,” ಎಂದಳು. ಫೋನಿನಲ್ಲಿ ಹಾಡು ಹಾಕಿ ಅಮ್ಮನ ಮುಖದ ಮುಂದೆ ಹಿಡಿದಳು. “ಕೊನೆಯ ಬಸ್ಸು… ಹೇಳಮ್ಮಾ. ಬಸ್ಸು.” ಅಮ್ಮ ಅವಳನ್ನು ನೋಡಿದಳು. ಬಟನ್ ಬಿಚ್ಚುತ್ತಿದ್ದ ಕೈ ನಿಂತಿತು. ಬಾಯಿ ತೆರೆಯಲಿಲ್ಲ.

ಸೋಮವಾರ ಲ್ಯಾಬು ತೆರೆಯುವ ಮೊದಲೇ ಹೋಗಿ ಬಾಗಿಲಲ್ಲಿ ನಿಂತಳು. ಲ್ಯಾಬಿನವನು ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. ಅಳಿಸಿದ್ದನ್ನು ಹುಡುಕುವ ಯಾವುದೋ ಪ್ರೋಗ್ರಾಂ ಹಾಕಿ ಒಂದು ಗಂಟೆ ನೋಡಿದ. ಕಂಪ್ಯೂಟರಿನಲ್ಲಿ ಏನೂ ಸಿಗಲಿಲ್ಲ. ಕಾರ್ಡು ಶನಿವಾರವೇ ಬೇರೆ ತಂಡಕ್ಕೆ ಹೋಗಿ ಬಂದಿತ್ತು, ಅದರ ತುಂಬ ಯಾವುದೋ ನಾಯಿಮರಿಯ ಚಿತ್ರ. “ವಿಡಿಯೋ ಒಪ್ಪಿಸಿದ್ದೀಯಲ್ಲ, ಮತ್ತೇನಮ್ಮ ಬೇಕಿತ್ತು?” ಎಂದ. “ಸೌಂಡು,” ಎಂದಳು. “ಕ್ಯಾಮೆರಾ ಸೌಂಡಾ? ಅದನ್ನ ಯಾರು ಇಟ್ಕೋತಾರೆ!” ಎಂದು ನಿಜವಾದ ಆಶ್ಚರ್ಯದಿಂದ ಕೇಳಿದ. ಮೆಟ್ಟಿಲ ಮೇಲೆ ಸಿಕ್ಕ ಕೋಲಿಗೆ ಹೇಳಿದಳು. ಅವನು ಮೆಟ್ಟಿಲ ಮೇಲೇ ಕುಳಿತುಬಿಟ್ಟು, “ನಾನು ಓಕೆ ಅಂತ ಕೂಗಬಾರದಿತ್ತು,” ಎಂದ. ಅದು ಅವನ ತಪ್ಪಲ್ಲ ಎಂದು ಹೇಳದೆಯೇ ಅವಳು ಮೆಟ್ಟಿಲಿಳಿದಳು.

ಮಾತು ಕಲಿಸುವ ಡಾಕ್ಟರಮ್ಮ ಗುರುವಾರ ಸಿಕ್ಕರು. ಎಲ್ಲ ಕೇಳಿ ಅವರು ಕುರ್ಚಿಯಲ್ಲಿ ಮುಂದಕ್ಕೆ ಬಂದರು. ಮಾತು ಹೋದ ಕೆಲವರಿಗೆ ಹಾಡು ಉಳಿದಿರುತ್ತದೆ, ಹಾಡಿನಿಂದ ಮಾತಿಗೆ ಮೆಲ್ಲಗೆ ಕರೆದುಕೊಂಡು ಬರಬಹುದು, ಎಲ್ಲರಿಗೂ ಆಗುವುದಿಲ್ಲ, ಆದರೆ ಇದು ಒಳ್ಳೆಯ ಸುದ್ದಿ ಎಂದರು. “ಯಾವ ಪದ ಸ್ಪಷ್ಟವಾಗಿ ಬಂತು, ಯಾವುದು ಬರಲಿಲ್ಲ? ಹಾಡು ನಿಂತ ಮೇಲೆ ತಾನಾಗಿ ಹಾಡಿದ್ರು ಅಂದ್ರಲ್ಲ, ಅದು ಯಾವ ಸಾಲು? ಅಲ್ಲಿಂದಲೇ ಶುರು ಮಾಡ್ಬಹುದು. ರೆಕಾರ್ಡ್ ಇದ್ಯಾ?” ಅವಳು ಇಲ್ಲ ಎಂದಳು. ಡಾಕ್ಟರಮ್ಮ ಚಿಕ್ಕಮ್ಮನ ಕಡೆ ತಿರುಗಿದರು. “ಹಾಡಿದ್ಲು ಅಂದ್ರೆ ಹಾಡಿದ್ಲು ಡಾಕ್ಟ್ರೇ. ಬಸ್ಸು ದೀಪ ಎರಡು ಕೇಳಿದ್ದು ನೆನಪಿದೆ, ಮಿಕ್ಕಿದ್ದು ಕೇಳಿಸ್ಕೊಳ್ಳೋ ಸ್ಥಿತೀಲಿ ನಾನೆಲ್ಲಿದ್ದೆ?” ಎಂದು ಚಿಕ್ಕಮ್ಮ ಕಣ್ಣೊರೆಸಿಕೊಂಡಳು. ಡಾಕ್ಟರಮ್ಮ ಅಮ್ಮನ ಕೈ ಹಿಡಿದು ತೊಡೆಯ ಮೇಲೆ ತಾಳ ತಟ್ಟುತ್ತಾ ಮೆಲ್ಲನೆ ಆ ಹಾಡನ್ನೇ ಹೇಳಿಸಲು ನೋಡಿದರು. ಅಮ್ಮ ವಿನಯದಿಂದ ಅವರ ಬಾಯಿಯನ್ನೇ ನೋಡುತ್ತಿದ್ದಳು, ಬೇರೆ ಊರಿನ ಭಾಷೆ ಕೇಳುವವಳ ಹಾಗೆ. “ಅದು,” ಎಂದಳು ಕೊನೆಗೆ. “ಮನೇಲಿ ಬಿಡದೆ ಹಾಡಿ. ಬಂದದ್ದು ಮತ್ತೆ ಬರಬಹುದು,” ಎಂದರು ಡಾಕ್ಟರಮ್ಮ. ಬರುತ್ತದೆ ಎನ್ನಲಿಲ್ಲ.

ಈಗ ಸಂಜೆ ಹೊತ್ತು ಅವಳು ಮನೆಯಲ್ಲಿ ಗಟ್ಟಿಯಾಗಿ ಹಾಡುತ್ತಾಳೆ. ದನಿ ಮೊದಲಿನ ಹಾಗೇ ಬಿರುಕು. ಕಿಟಕಿಯೂ ತೆರೆದೇ ಇರುತ್ತದೆ, ಬೀದಿಯವರಿಗೂ ಕೇಳಿಸುತ್ತದೆ. ಒಂದೊಂದು ದಿನ ಅಮ್ಮನ ಬಾಯಿಯ ಸರಿಯಿದ್ದ ಮೂಲೆ ಅಲ್ಲಾಡಿದ ಹಾಗೆ ಕಂಡು, ಈಗ ಬರಬಹುದು ಎಂದು ಅವಳು ಫೋನು ಎತ್ತಿ ಹಿಡಿಯುತ್ತಾಳೆ. ಫೋನು ಕಂಡ ಕೂಡಲೇ ಅಮ್ಮ ಕುರ್ಚಿಯ ಕೈ ಹಿಡಿದು ಮೆಲ್ಲಗೆ ಏಳುತ್ತಾಳೆ. ಕೋಪವಿಲ್ಲ, ಅಳುವಿಲ್ಲ. ಚಿತ್ರ ತೆಗೆಯುವವರಿಗೆ ಅಡ್ಡವಾಗಬಾರದು ಎಂದು ಗೊತ್ತಿರುವವಳ ಹಾಗೆ ಗೋಡೆ ಹಿಡಿದುಕೊಂಡು ಒಳಕೋಣೆಗೆ ಹೋಗಿ ಮಂಚದ ಅಂಚಿನಲ್ಲಿ ಕೂರುತ್ತಾಳೆ. ಅಮ್ಮಾ, ನೀನೇ ಬೇಕು, ಬಾ ಎಂದು ಅವಳು ಎಷ್ಟು ಕರೆದರೂ ಬರುವುದಿಲ್ಲ. ಅವಳು ಫೋನನ್ನು ಎತ್ತಿಟ್ಟ ಮೇಲೆ ಅಮ್ಮ ಬರುತ್ತಾಳೆ.

ವಿಡಿಯೋಗೆ ಕ್ಲಾಸಿನಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ಬಂತು. ತುಟಿ ಒಂದು ಕಡೆಯೂ ತಪ್ಪಿಲ್ಲ ಎಂದು ಮೇಡಂ ಬರೆದಿದ್ದರು. ಅಮ್ಮ ಆ ದಿನ ಹಾಡಿದ್ದನ್ನು ಕೇಳಿದವಳು ಚಿಕ್ಕಮ್ಮ ಒಬ್ಬಳೇ. ಕೊನೆಯಲ್ಲಿ ಹಾಡಿದ್ದು ಯಾವ ಸಾಲು ಎಂದು ಯಾರಿಗೂ ಗೊತ್ತಿಲ್ಲ. ಆಮೇಲೆ ಅಮ್ಮ ಹಾಡಿಲ್ಲ.